ಸ್ಲಾಟು ಟಕ್ ಎಂದರೆ ಸಾಲದು

ಯೆರವಡಾದಲ್ಲಿದ್ದೇವೆ ಎಂದರೆ ಊರ ಕಡೆಯವರು ಮೊದಲು ಜೈಲಿನ ಮಾತೆತ್ತುತ್ತಾರೆ. ಇಲ್ಲಿ ಬಾಳುವೆ ಮಾಡುವ ನಮಗೆ ಅದರಷ್ಟೇ ಪರಿಚಿತವಾದ ಇನ್ನೊಂದು ಗುರುತಿದೆ: ಕಾಮರ್‌ಜೋನ್ ಐಟಿ ಪಾರ್ಕು. ಗ್ರಾಫಿಕ್ಸ್ ಕಾರ್ಡಿನ ಲೋಕವನ್ನು ಆಳುವ ಎನ್ವಿಡಿಯಾ ಕಂಪನಿಯ ಪುಣೆ ಕಚೇರಿ ಅಲ್ಲಿದೆ. ಹೊಸ ಕಾರ್ಡುಗಳ ಸುತ್ತ ಕೆಲಸ ಮಾಡುವ ಎಂಜಿನಿಯರುಗಳು ಅಲ್ಲಿಗೆ ಹೋಗಿಬರುವ ರಸ್ತೆಯಲ್ಲೇ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ನಮ್ಮಂಥವರ ಮಕ್ಕಳು ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬರುತ್ತಾರೆ.

ಹಾಗೆ ಬಂದವನೊಬ್ಬ ನಮ್ಮ ಓಣಿಯ ಡಿಪ್ಲೊಮಾ ಹುಡುಗ. ಯಾವುದೋ ಆಫೀಸು ವಿಲೇವಾರಿ ಮಾಡಿದ 2013ರ ಕಾಲದ ಡೆಸ್ಕ್‌ಟಾಪು ಅವನದು. ವಿಡಿಯೊ ಎಡಿಟಿಂಗ್ ಕಲಿಯಬೇಕು, ಬಿಡುವಾದರೆ ಗೇಮ್ ಆಡಬೇಕು ಎಂದು ವರ್ಷವಿಡೀ ದುಡ್ಡು ಕೂಡಿಟ್ಟು ಹೊಚ್ಚಹೊಸ ಗ್ರಾಫಿಕ್ಸ್ ಕಾರ್ಡು ತಂದಿದ್ದ. ಭಾನುವಾರ ಸಂಜೆ ಬಾಗಿಲಲ್ಲಿ ನಿಂತು, "ಕಾಕಾ, ಫ್ಯಾನ್ ತಿರಗಾಕತ್ತಾವ, ಲೈಟ್ ಹತ್ತೈತಿ, ಆದ್ರ ಡಿಸ್‌ಪ್ಲೇನ ಬರವಲ್ದು" ಅಂದ.

"ಕಾರ್ಡ್ ಸರಿ ಕುಂತೈತೇನು?"

"ಕುಂತೈತಿ ಕಾಕಾ. ಟಕ್ ಅಂತು."

ಅಂಗಡಿಯವನೂ ಅವನಿಗೆ ಅಷ್ಟೇ ಹೇಳಿ ಕಳಿಸಿದ್ದ: ಸ್ಲಾಟು ಒಂದೇ, ಕೂತರೆ ನಡೆಯುತ್ತದೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಕಾಲು ಭಾಗದ ಸತ್ಯ. ಹಳೆಯ ಮದರ್‌ಬೋರ್ಡೂ ಹೊಸ ಕಾರ್ಡೂ ಕೂಡಿ ಬಾಳಬೇಕಾದರೆ ನಾಲ್ಕು ವಿಷಯಗಳಲ್ಲಿ ಒಪ್ಪಂದವಾಗಬೇಕು: ಆಕಾರ, ವೇಗ, ಎಬ್ಬಿಸುವ ಭಾಷೆ, ಕರೆಂಟು. 'ಟಕ್' ಎಂಬುದು ಮೊದಲನೆಯದರ ಸದ್ದು ಮಾತ್ರ. ಉಳಿದ ಮೂರು ಸದ್ದು ಮಾಡುವುದಿಲ್ಲ. ಹಾಗಾಗಿಯೇ ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆಕಾರ: ಬಗೆಹರಿದ ಹಳೆಯ ಜಗಳ

ಒಂದು ಕಾಲಕ್ಕೆ ಆಕಾರವೇ ದೊಡ್ಡ ತೊಡಕಾಗಿತ್ತು. 1981ರ ಐಬಿಎಂ ಪಿಸಿಯಿಂದ ಬಂದ ಐಎಸ್‌ಎ ಸ್ಲಾಟು, 1992ರ ಪಿಸಿಐ, 1997ರ ಸುಮಾರಿಗೆ ಗ್ರಾಫಿಕ್ಸಿಗೆಂದೇ ಹುಟ್ಟಿದ ಎಜಿಪಿ, ಇವೆಲ್ಲ ಬೇರೆ ಬೇರೆ ಅಚ್ಚಿನವು. ಒಂದರ ಕಾರ್ಡು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಎಜಿಪಿಯ ಒಳಗೇ ಮತ್ತೆ ಭೇದ: ಮೊದಲಿನವು 3.3 ವೋಲ್ಟಿನವು, ನಂತರದವು 1.5 ವೋಲ್ಟಿನವು. ಅದಲುಬದಲಾಗದಿರಲಿ ಎಂದು ಕಾರ್ಡಿನ ಅಂಚಿಗೆ ಬೇರೆ ಬೇರೆ ಜಾಗದಲ್ಲಿ ಕಚ್ಚು ಕೊರೆಯುತ್ತಿದ್ದರು. ಕಚ್ಚು ತಪ್ಪಾಗಿದ್ದ ಕಾರ್ಡು ಸಿಕ್ಕಿಸಿ ಬೋರ್ಡು ಸುಟ್ಟುಕೊಂಡವರೂ ಇದ್ದರು.

2003ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಈ ತಾಪತ್ರಯ ಮುಗಿಯಿತು. ಅಂದಿನಿಂದ 2.0 (2007), 3.0 (2010), 4.0 (2017), 5.0 (2019) ಎಂದು ತಲೆಮಾರುಗಳು ಉರುಳಿದರೂ ಸ್ಲಾಟಿನ ಆಕಾರ ಬದಲಾಗಿಲ್ಲ. ಇಂದಿನ ಕಾರ್ಡನ್ನು 2013ರ ಬೋರ್ಡಿಗೆ ಒತ್ತಿದರೆ ಸಲೀಸಾಗಿ ಕೂರುತ್ತದೆ. ಆಮೇಲೆ ಇಬ್ಬರೂ ಮೊದಲ ತಲೆಮಾರಿನ ನಿಧಾನ ವೇಗದಲ್ಲಿ ಪರಿಚಯ ಮಾಡಿಕೊಂಡು, ಇಬ್ಬರಿಗೂ ಸಾಧ್ಯವಿರುವ ಗರಿಷ್ಠ ವೇಗಕ್ಕೆ ಏರುತ್ತಾರೆ. ಎಂಜಿನಿಯರಿಂಗಿನ ದೊಡ್ಡ ಸಾಧನೆಯಿದು. ಗ್ರಾಹಕ ಮೈಮರೆಯುವುದಕ್ಕೂ ಇದೇ ಕಾರಣ. ಸ್ಲಾಟು ಬದಲಾಗದ್ದನ್ನು ಕಂಡು, ಏನೂ ಬದಲಾಗಿಲ್ಲ ಎಂದುಕೊಳ್ಳುತ್ತೇವೆ.

ವೇಗ: ಸಂಪು, ಟ್ಯಾಂಕು, ನಡುವಿನ ಪೈಪು

ಮನೆಯ ನೀರಿನ ವ್ಯವಸ್ಥೆಯನ್ನು ನೆನೆಯಿರಿ. ನೆಲದಡಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಪೈಪು. ಕಂಪ್ಯೂಟರಿನ ರ‍್ಯಾಮ್ ಸಂಪಿದ್ದಂತೆ. ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಸ್ವಂತ ಮೆಮೊರಿ ಟ್ಯಾಂಕಿದ್ದಂತೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಎರಡನ್ನೂ ಜೋಡಿಸುವ ಪೈಪು. ನಲ್ಲಿ ತಿರುಗಿಸಿದಾಗ ನೀರು ಬರುವುದು ಟ್ಯಾಂಕಿನಿಂದ. ಟ್ಯಾಂಕು ದೊಡ್ಡದಿದ್ದರೆ ಪೈಪು ಸಣ್ಣದಾದರೂ ಮನೆಮಂದಿಗೆ ತಿಳಿಯುವುದಿಲ್ಲ. ಟ್ಯಾಂಕು ಸಣ್ಣದಾಗಿ ಪೈಪೂ ಸಣ್ಣದಾದರೆ ಸ್ನಾನದ ನಡುವೆ ನೀರು ನಿಲ್ಲುತ್ತದೆ.

ಒಂದೊಂದು ತಲೆಮಾರಿಗೂ ಪೈಪಿನ ಹರಿವು ಸುಮಾರು ದುಪ್ಪಟ್ಟಾಗಿದೆ. 16 ಪಥಗಳ, ಅಂದರೆ ಮಾಹಿತಿ ಹರಿಯುವ 16 ಸಾಲುಗಳ, ಪೂರ್ಣ ಸ್ಲಾಟಿನಲ್ಲಿ 2.0 ತಲೆಮಾರಿಗೆ ಸೆಕೆಂಡಿಗೆ 8 ಗಿಗಾಬೈಟ್, 3.0ಗೆ ಸುಮಾರು 16, 4.0ಗೆ ಸುಮಾರು 32, 5.0ಗೆ ಸುಮಾರು 63. ಇಲ್ಲೊಂದು ಸೂಕ್ಷ್ಮವಿದೆ. ಕಡಿಮೆ ಬೆಲೆಯ ಹೊಸ ಕಾರ್ಡುಗಳು ನೋಡಲು ಪೂರ್ಣ ಉದ್ದದ ಅಂಚು ಹೊಂದಿದ್ದರೂ ಒಳಗೆ ಎಲ್ಲ 16 ಪಥಗಳನ್ನು ಬಳಸುವುದಿಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 4060 ಬಳಸುವುದು 8 ಪಥ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಪಥ. ಹೊಸ ಬೋರ್ಡಿನಲ್ಲಿ ಪ್ರತಿ ಪಥವೂ ಅಗಲವಾಗಿರುವುದರಿಂದ ಈ ಉಳಿತಾಯ ಗೊತ್ತಾಗುವುದಿಲ್ಲ. ಹಳೆಯ ಬೋರ್ಡಿಗೆ ಬಂದಾಗ ಪಥಗಳು ಹೇಗೂ ಕಡಿಮೆ, ಇರುವ ಪಥಗಳೂ ಕಿರಿದು.

ಲೆಕ್ಕ ಹಾಕಿ ನೋಡೋಣ. 8 ಪಥದ 4.0 ಕಾರ್ಡಿಗೆ ಹೊಸ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಿಗುತ್ತದೆ. 3.0 ಬೋರ್ಡಿನಲ್ಲಿ ಅದು 8, 2.0 ಬೋರ್ಡಿನಲ್ಲಿ 4. ಆದರೂ 8 ಗಿಗಾಬೈಟ್ ಮೆಮೊರಿಯ ಕಾರ್ಡು 3.0 ಬೋರ್ಡಿನಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ಅಲ್ಪ, ಟ್ಯಾಂಕು ದೊಡ್ಡದಲ್ಲವೇ? 2022ರ ಜನವರಿಯಲ್ಲಿ ಬಂದ 6500 ಎಕ್ಸ್‌ಟಿಯ ಕಥೆಯೇ ಬೇರೆ. ಟ್ಯಾಂಕು 4 ಗಿಗಾಬೈಟಿನದು, ಪೈಪು ನಾಲ್ಕು ಪಥದ್ದು. 3.0 ಬೋರ್ಡುಗಳಲ್ಲಿ ಕೆಲವು ಗೇಮುಗಳಿಗೆ ಅದರ ಓಟ ಗಣನೀಯವಾಗಿ ಕುಸಿಯಿತು. ಹಳೆಯ ಕಂಪ್ಯೂಟರು ಇಟ್ಟುಕೊಂಡವರೇ ಕಡಿಮೆ ಬೆಲೆಯ ಕಾರ್ಡು ಹುಡುಕುವವರು. ಕಾರ್ಡು ಚೆನ್ನಾಗಿ ನಡೆಯುವುದು ಮಾತ್ರ ಹೊಸ ಬೋರ್ಡು ಉಳ್ಳವರ ಮನೆಯಲ್ಲಿ.

ಬೋರ್ಡಿನ ವಯಸ್ಸು ನೋಡಿ ತಲೆಮಾರು ಊಹಿಸುವುದೂ ಅಪಾಯ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಕೋರ್ ಪ್ರೊಸೆಸರುಗಳಿಗೆ 3.0 ಬರುತ್ತದೆ. ಅದೇ ಪ್ರೊಸೆಸರನ್ನು ಎಚ್81 ಚಿಪ್‌ಸೆಟ್ಟಿನ ಅಗ್ಗದ ಬೋರ್ಡಿನಲ್ಲಿ ಕೂರಿಸಿದರೆ ಸ್ಲಾಟು 2.0ಗೇ ನಿಲ್ಲುತ್ತದೆ. ಆದ್ದರಿಂದ ಕೇಳಬೇಕಾದದ್ದು ಪ್ರೊಸೆಸರಿನ ಹೆಸರಷ್ಟೇ ಅಲ್ಲ, ಬೋರ್ಡಿನ ಮಾದರಿ ಕೂಡ.

ಎಬ್ಬಿಸುವ ಭಾಷೆ: ಕತ್ತಲ ಪರದೆಯ ಗುಟ್ಟು

ವೇಗ ಕಡಿಮೆಯಾದರೆ ಚಿತ್ರ ಮುಗ್ಗರಿಸೀತು, ಮಾಯವಾಗದು. ನಮ್ಮ ಹುಡುಗನ ಪರದೆ ಪೂರ್ತಿ ಕಪ್ಪಾಗಿತ್ತು. ಅವನ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿದೆ, ಚಿತ್ರ ಬಂತು. ಕಾರ್ಡು ತೆಗೆದು, ಅವನ ಮಾನಿಟರನ್ನು ಅವನ ಬೋರ್ಡಿನದೇ ಪೋರ್ಟಿಗೆ ಸಿಕ್ಕಿಸಿದೆ. ಅಲ್ಲೂ ಚಿತ್ರ ಬಂತು. ಇಬ್ಬರೂ ಆರೋಗ್ಯವಂತರೇ. ಕೂಡಿದಾಗ ಮಾತ್ರ ಮೂಕರು.

ಸ್ವಿಚ್ಚು ಒತ್ತಿದ ಕೂಡಲೇ ಎದ್ದೇಳುವುದು ವಿಂಡೋಸ್ ಅಲ್ಲ. ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್. ಅದನ್ನು ಅಪಾರ್ಟ್‌ಮೆಂಟಿನ ವಾಚ್‌ಮನ್ ಎನ್ನಿ. ಬೆಳಗ್ಗೆ ಅವನು ಒಂದೊಂದೇ ಬಾಗಿಲು ತಟ್ಟಿ ಮೆಮೊರಿ, ಡಿಸ್ಕು, ಗ್ರಾಫಿಕ್ಸ್ ಕಾರ್ಡು ಎಲ್ಲರನ್ನೂ ಎಬ್ಬಿಸಿ, ಬೀಗದ ಕೈ ವಿಂಡೋಸಿಗೆ ಒಪ್ಪಿಸುತ್ತಾನೆ. 1981ರಿಂದ ಬಂದ ಹಳೆಯ ವಾಚ್‌ಮನ್ ಹೆಸರು ಬಯೋಸ್. ಈಗಿನವನ ಹೆಸರು ಯುಇಎಫ್‌ಐ. ಇಬ್ಬರದೂ ಬೇರೆ ಬೇರೆ ಭಾಷೆ. ಪುಣೆಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಳೆಯ ವಾಚ್‌ಮನ್ ಕನ್ನಡದಲ್ಲಿ ಮಾತ್ರ ಕೂಗುವವ, ಹೊಸ ಬಾಡಿಗೆದಾರನಿಗೆ ಮರಾಠಿ ಮಾತ್ರ ಬರುತ್ತದೆ ಎಂದರೆ ಬಾಗಿಲು ತೆರೆಯುವುದು ಹೇಗೆ?

ಬಹಳ ವರ್ಷ ಕಾರ್ಡುಗಳು ತಮ್ಮೊಳಗೆ ಎರಡೂ ಭಾಷೆ ಇಟ್ಟುಕೊಂಡು ಬರುತ್ತಿದ್ದವು. ಹೊಸ ಬೋರ್ಡುಗಳೂ ಹಳಬರ ಅನುಕೂಲಕ್ಕೆಂದು ಸಿಎಸ್‌ಎಂ ಎಂಬ ದುಭಾಷಿಯನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದವು. ಈ ದುಭಾಷಿಯನ್ನು 2020ರೊಳಗೆ ನಿವೃತ್ತಿಗೊಳಿಸುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಕಾರ್ಡು ತಯಾರಿಸುವವರಿಗೂ ಈಗ ಯುಇಎಫ್‌ಐ ಒಂದೇ ಮುಖ್ಯ. ತಯಾರಕರಿಗೆ ಈ ತೊಡಕು ಗೊತ್ತಿಲ್ಲವೆಂದಲ್ಲ. ಹೊಸ ಬಗೆಯ ಡಿಸ್‌ಪ್ಲೇ ಪೋರ್ಟಿನ ಮಾನಿಟರಿದ್ದರೆ ವಿಂಡೋಸ್ ಏಳುವ ತನಕ ಪರದೆ ಕಪ್ಪಾಗಿರುತ್ತಿದ್ದ ಕಾರ್ಡುಗಳಿಗೆ ಎನ್ವಿಡಿಯಾ 2018ರಲ್ಲಿ ಫರ್ಮ್‌ವೇರ್ ತಿದ್ದುಪಡಿ ಕೊಟ್ಟಿತು. ಕೆಲವು ಮದರ್‌ಬೋರ್ಡುಗಳಲ್ಲಿ ಆರ್‌ಟಿಎಕ್ಸ್ 4060 ಟಿಐ ಪರದೆ ಖಾಲಿ ಬಿಡುತ್ತದೆ ಎಂದು ಗೊತ್ತಾದಾಗ ಅದಕ್ಕೂ ಒಂದು ತಿದ್ದುಪಡಿ ಬಂತು.

ನಮ್ಮ ಹುಡುಗನ ಯಂತ್ರದಲ್ಲಿ ಎರಡೂ ವಾಚ್‌ಮನ್‌ಗಳಿದ್ದರು. ಆಫೀಸಿನವರು ಹಳಬನನ್ನೇ ಕಾವಲಿಗಿಟ್ಟಿದ್ದರು. ಕಾರ್ಡು ತೆಗೆದು, ಬೋರ್ಡಿನ ಪೋರ್ಟಿನಲ್ಲೇ ಸೆಟಪ್ಪಿಗೆ ಹೋಗಿ ನೋಡಿದರೆ 'ಲೆಗಸಿ' ಎಂದಿತ್ತು. ಅದನ್ನು ಯುಇಎಫ್‌ಐಗೆ ತಿರುಗಿಸಿದರೆ ಮುಗಿಯಿತೇ? ಇಲ್ಲ. ವಿಂಡೋಸ್ ಏಳಲು ಒಪ್ಪಲಿಲ್ಲ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಪಾಲುಪಟ್ಟಿಯನ್ನು ಎಂಬಿಆರ್ ಎಂಬ ಕ್ರಮದಲ್ಲಿ ಬರೆದಿರುತ್ತಾರೆ. ಹೊಸಬನಿಗೆ ಬೇಕಾದದ್ದು ಜಿಪಿಟಿ. ಹುಡುಗನ ಫೋಟೊ, ಪಾಠಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ, 2017ರಿಂದ ವಿಂಡೋಸ್ 10ರಲ್ಲೇ ಬರುವ ಎಂಬಿಆರ್-ಟು-ಜಿಪಿಟಿ ಉಪಕರಣದಿಂದ ಪಾಲುಪಟ್ಟಿ ಬದಲಿಸಿದೆವು. ಕಾರ್ಡು ಮತ್ತೆ ಹಾಕಿದೆವು. ಚಿತ್ರ ಬಂತು. ಹುಡುಗನ ಮುಖದಲ್ಲಿ ದೀಪಾವಳಿ. ಕೆಟ್ಟಿದ್ದ ಬಿಡಿಭಾಗ ಒಂದೂ ಇರಲಿಲ್ಲ. ಒಂದು ಸೆಟ್ಟಿಂಗು ತಪ್ಪಿತ್ತು, ಅಷ್ಟೆ.

ಕರೆಂಟು: 150ರ ಬಾಯಿ, 54ರ ಗಂಟಲು

ಸಂಭ್ರಮ ಹತ್ತು ನಿಮಿಷ ಉಳಿಯಿತು. ಗೇಮ್ ಶುರುವಾದ ಮೇಲೆ ಕ್ಯಾಬಿನೆಟ್ಟಿನಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಸ್ವಿಚ್ ಆರಿಸಿ ಕೈಯಿಟ್ಟರೆ ಕಾರ್ಡಿಗೆ ಕರೆಂಟು ಕೊಡುವ ತಂತಿ ಬಿಸಿಯಾಗಿತ್ತು. ಎಳೆದು ನೋಡಿದಾಗ ಗೊತ್ತಾಯಿತು: ಅದು ಕಂಪ್ಯೂಟರಿಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ನೇರ ಬಂದ ತಂತಿಯಲ್ಲ. ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ಸಾಟಾ ತುದಿಗೆ ಸಿಕ್ಕಿಸುವ ಗೇಣುದ್ದದ ಕನ್ವರ್ಟರು. ಒಂದು ಕಡೆ ಸಾಟಾ ಬಾಯಿ, ಇನ್ನೊಂದು ಕಡೆ ಕಾರ್ಡಿನ 8 ಪಿನ್ನಿನ ತುದಿ. ಅಂಗಡಿಯಲ್ಲಿ ಪುಕ್ಕಟೆ ಕೊಟ್ಟಿದ್ದರಂತೆ.

ಇದರ ಲೆಕ್ಕ ಯಾರಿಗೂ ಅರ್ಥವಾಗುವಂಥದು. ಗ್ರಾಫಿಕ್ಸ್ ಕಾರ್ಡು ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ಪಡೆಯಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು: 6 ಪಿನ್ನಿನದು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಹೊರಬಲ್ಲದು. ಸಾಟಾ ತುದಿಯಲ್ಲಿ 12 ವೋಲ್ಟಿಗೆ ಮೂರು ಪಿನ್ನುಗಳಿವೆ, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು ನಾಲ್ಕೂವರೆ ಆಂಪಿಯರ್, ಅಂದರೆ 54 ವ್ಯಾಟ್. ಕಾರ್ಡಿನ ಕಡೆಯ ತುದಿ 150 ಕೊಡುವೆನೆಂದು ಮಾತು ಕೊಡುತ್ತದೆ, ಸಾಟಾ ಕಡೆಯ ತುದಿಗೆ ಇರುವ ತ್ರಾಣ 54. ಹುಡುಗನ ಕಾರ್ಡಿಗೆ ಒಟ್ಟು ಬೇಕಿದ್ದದ್ದು 115 ವ್ಯಾಟ್, ಅದರಲ್ಲಿ ಹೆಚ್ಚಿನ ಪಾಲು ತಂತಿಯಿಂದಲೇ. ಇಲ್ಲೂ 'ಟಕ್' ಎಂದು ಕೂತಿತ್ತು ಎಂಬುದನ್ನು ಗಮನಿಸಿ.

ಹಾಗಾದರೆ ಎಸ್‌ಎಂಪಿಎಸ್ ಬದಲಿಸಿದರಾಯಿತಲ್ಲ? ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರಾದರೆ ಸುಲಭ. ಕಂಪನಿಯಿಂದ ಜೋಡಿಸಿ ಬಂದ ಆಫೀಸು ಯಂತ್ರಗಳಲ್ಲಿ ಎಸ್‌ಎಂಪಿಎಸ್‌ನ ಅಳತೆಯೂ, ಬೋರ್ಡಿಗೆ ಹೋಗುವ ತುದಿಯೂ ಎಷ್ಟೋ ಸಲ ತಮ್ಮದೇ ಅಚ್ಚಿನವು. ಮಾರುಕಟ್ಟೆಯ 24 ಪಿನ್ನಿನದು ಹೊಂದುವುದಿಲ್ಲ. ಹುಡುಗನದು ಅಂಥದೇ, 290 ವ್ಯಾಟಿನದು. ಟೈಪು ಮಾಡಲು, ಲೆಕ್ಕ ಬರೆಯಲು ಮಾಡಿದ ಯಂತ್ರಕ್ಕೆ ಅಷ್ಟು ಧಾರಾಳವೇ.

ಸಣ್ಣಪುಟ್ಟ ತಕರಾರುಗಳು

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಮೊದಲನೆಯದು ರಿಸೈಜಬಲ್ ಬಾರ್. ಹಳೆಯ ಕ್ರಮದಲ್ಲಿ ಪ್ರೊಸೆಸರು ಕಾರ್ಡಿನ ಮೆಮೊರಿಯನ್ನು ಒಮ್ಮೆಗೆ 256 ಮೆಗಾಬೈಟಿನ ಕಿಂಡಿಯಿಂದ ಇಣುಕಿ ನೋಡುತ್ತದೆ. ಹೊಸ ಕ್ರಮದಲ್ಲಿ ಬಾಗಿಲೇ ತೆರೆದಿರುತ್ತದೆ. ಎನ್ವಿಡಿಯಾ, ಎಎಂಡಿ ಕಾರ್ಡುಗಳಿಗೆ ಇದು ಇದ್ದರೆ ಲಾಭ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ಇಲ್ಲದಿದ್ದರೆ ದೊಡ್ಡ ನಷ್ಟ. ಅದಕ್ಕಾಗಿಯೇ ಇಂಟೆಲ್ ತನ್ನ ಹತ್ತನೇ ತಲೆಮಾರಿನ ಪ್ರೊಸೆಸರು ಅಥವಾ ಎಎಂಡಿಯ ರೈಜನ್ 3000, ಇಲ್ಲವೇ ಅವಕ್ಕಿಂತ ಹೊಸತು ಬೇಕೆಂದು ಹೇಳುತ್ತದೆ. ಹಳೆಯ ಬೋರ್ಡಿನವರು ಆರ್ಕ್ ಅಗ್ಗವೆಂದು ಮರುಳಾಗಬಾರದು.

ಎರಡನೆಯದು ಮಾನಿಟರು. ನೀಲಿ ತುದಿಯ ವಿಜಿಎ ತಂತಿ ನಮ್ಮ ಮನೆಗಳಲ್ಲಿ ಇನ್ನೂ ಬದುಕಿದೆ. ಹೊಸ ಕಾರ್ಡುಗಳಲ್ಲಿ ಅದಕ್ಕೆ ಜಾಗವಿಲ್ಲ. ಸಂಕೇತವನ್ನೇ ಮಾರ್ಪಡಿಸುವ ಆಕ್ಟಿವ್ ಕನ್ವರ್ಟರು ಬೇಕು, ಬರೀ ತುದಿ ಬದಲಿಸುವ ಅಡಾಪ್ಟರು ನಡೆಯದು. ಮೂರನೆಯದು ಡ್ರೈವರು. ವಿಂಡೋಸ್ 7, 8ಕ್ಕೆ ಗೇಮಿಂಗ್ ಡ್ರೈವರು ಕೊಡುವುದನ್ನು ಎನ್ವಿಡಿಯಾ 2021ರಲ್ಲೇ ನಿಲ್ಲಿಸಿತು. ನಾಲ್ಕನೆಯದು ಉದ್ದ. ಮೂರು ಫ್ಯಾನಿನ ಕಾರ್ಡು ಎಷ್ಟೋ ಸಲ 30 ಸೆಂಟಿಮೀಟರು ದಾಟುತ್ತದೆ. ಹಳೆಯ ಕ್ಯಾಬಿನೆಟ್ಟಿನ ಹಾರ್ಡ್ ಡಿಸ್ಕಿನ ಗೂಡಿಗೆ ಮೂಗು ತಾಗುತ್ತದೆ. ಕೊನೆಯದು ಪ್ರೊಸೆಸರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವಲ್ಲ, ಹಾಗೆ. ಹಳೆಯ ಪ್ರೊಸೆಸರು ಕೆಲಸ ಒದಗಿಸುವಷ್ಟರಲ್ಲಿ ಹೊಸ ಕಾರ್ಡು ಆಕಳಿಸುತ್ತ ಕೂತಿರುತ್ತದೆ.

ಯಾರು ಹೇಳಬೇಕು?

ಇದು ಒಬ್ಬಿಬ್ಬರು ಹುಡುಗರ ಹವ್ಯಾಸದ ತೊಂದರೆ ಎಂದು ತಳ್ಳಿಹಾಕುವಂತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಇಂಟೆಲ್ ಆದರೆ ಎಂಟನೇ ಅಥವಾ ಅದರ ಮೇಲಿನ ತಲೆಮಾರಿನ ಪ್ರೊಸೆಸರು. ಆ ಗೆರೆಯ ಕೆಳಗುಳಿದ ಗಟ್ಟಿಮುಟ್ಟಾದ ಡೆಸ್ಕ್‌ಟಾಪುಗಳನ್ನು ಆಫೀಸುಗಳು ಹೊರಗೆ ಹಾಕಿದಷ್ಟೂ ಅವು ಪುಣೆಯ ಟಿಳಕ್ ರಸ್ತೆಯಾಗಲಿ ಬೆಂಗಳೂರಿನ ಎಸ್.ಪಿ. ರೋಡಾಗಲಿ, ಅಂಗಡಿಗಳ ಮೂಲಕ ಓದುವ ಮಕ್ಕಳ ಮನೆ ಸೇರುತ್ತವೆ. ಸೇರಲಿ, ಅದು ಒಳ್ಳೆಯದೇ. ಆದರೆ ಅವಕ್ಕೆ ಹೊಸ ಕಾರ್ಡು ಸಿಕ್ಕಿಸುವವರು ಹೆಚ್ಚಾದಷ್ಟೂ ಈ ಕತ್ತಲ ಪರದೆಗಳೂ ಹೆಚ್ಚುತ್ತವೆ.

ಕಾರ್ಡಿನ ಡಬ್ಬಿಯ ಮೇಲೆ ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ಬೇಕೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಎಷ್ಟು ಪಥ ಬಳಸುತ್ತದೆ, ಯುಇಎಫ್‌ಐ ಬೇಕೇ, ರಿಸೈಜಬಲ್ ಬಾರ್ ಬೇಕೇ ಎಂಬ ಮೂರು ಸಾಲುಗಳನ್ನು ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಿದರೆ ತಯಾರಕರಿಗೆ ಖರ್ಚೇನೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟದ ಬಗ್ಗೆ ತಿಳಿಯುವ ಹಕ್ಕನ್ನು ಕೊಳ್ಳುವವನಿಗೆ ಕೊಟ್ಟಿದೆ. ಆ ಹಕ್ಕು ಸಣ್ಣಕ್ಷರದ ವೆಬ್ ಪುಟದಲ್ಲಿ ಅಡಗಿದ್ದರೆ ಪ್ರಯೋಜನವೇನು? ಅಂಗಡಿಯವರೂ "ಸ್ಲಾಟು ಒಂದೇ" ಎನ್ನುವ ಮುಂಚೆ "ಬೋರ್ಡು ಯಾವುದು?" ಎಂದು ಕೇಳುವ ರೂಢಿ ಮಾಡಿಕೊಳ್ಳಬೇಕು. ಕತ್ತಲ ಪರದೆಯನ್ನು ಕಂಡವರು ಬೋರ್ಡು ಸತ್ತಿತೆಂದು ಗುಜರಿಗೆ ಹಾಕುತ್ತಾರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಕೆಟ್ಟ ಯಂತ್ರದ ಗತಿ ನೋಡಿಕೊಂಡಾವು. ಕೆಡದ ಯಂತ್ರವನ್ನು ಉಳಿಸಿಕೊಳ್ಳಬೇಕಾದವರು ನಾವು.

ಹಳೆಯದನ್ನು ಎಸೆದು ಹೊಸದು ಕೊಳ್ಳಿ ಎಂಬ ಸಲಹೆ ಸುಲಭ. ಬೋರ್ಡು ಬದಲಿಸಿದರೆ ಪ್ರೊಸೆಸರು, ರ‍್ಯಾಮ್ ಎರಡೂ ಬದಲಾಗಬೇಕು ಎಂಬುದನ್ನು ಆ ಸಲಹೆಗಾರರು ಹೇಳುವುದಿಲ್ಲ. ಅದಕ್ಕಿಂತ ಮೊದಲು ಐದು ನಿಮಿಷದ ಕೆಲಸವೊಂದಿದೆ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಬೋರ್ಡಿನ ಮಾದರಿಯೂ, 'ಬಯೋಸ್ ಮೋಡ್' ಎಂಬ ಸಾಲಿನಲ್ಲಿ ಲೆಗಸಿಯೋ ಯುಇಎಫ್‌ಐಯೋ ಎಂಬುದೂ ಕಾಣುತ್ತದೆ. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಎಸ್‌ಎಂಪಿಎಸ್‌ನ ಚೀಟಿ ಓದಿ, ಕಾರ್ಡಿಗೆ ಹೋಗುವ 6 ಅಥವಾ 8 ಪಿನ್ನಿನ ತುದಿ ಇದೆಯೇ ನೋಡಿ. ಟೇಪು ಹಿಡಿದು ಜಾಗ ಅಳೆಯಿರಿ. ಇಷ್ಟನ್ನೂ ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡು ಅಂಗಡಿಗೆ ಹೋಗಿ. ತುದಿ ಇಲ್ಲದಿದ್ದರೆ 75 ವ್ಯಾಟಿನೊಳಗೆ, ಸ್ಲಾಟಿನ ಕರೆಂಟಿನಲ್ಲೇ ನಡೆಯುವ ಕಾರ್ಡು ಕೇಳಿ; 2019ರಲ್ಲಿ ಬಂದ ಜಿಟಿಎಕ್ಸ್ 1650ರ ಹಲವು ಮಾದರಿಗಳು ಅಂಥವು, 16 ಪಥವನ್ನೂ ಬಳಸುತ್ತವೆ.

ನಮ್ಮ ಹುಡುಗ ಕೊನೆಗೆ ಅದೇ ಮಾಡಿದ. ಅಂಗಡಿಯವನು ಗೊಣಗುತ್ತಲೇ ಕಾರ್ಡು ಬದಲಿಸಿಕೊಟ್ಟ. ಒಂದಿಷ್ಟು ದುಡ್ಡು ಹೋಯಿತು. ಹೊಸ ಕಾರ್ಡು ಮೊದಲಿನದರಷ್ಟು ಚುರುಕಲ್ಲ, ಆದರೆ ತಂತಿ ಕೇಳುವುದಿಲ್ಲ, ವಾಸನೆ ಬರುವುದಿಲ್ಲ. ಅವನ ಎಡಿಟಿಂಗ್ ನಡೆದಿದೆ. ಆ ಗೇಣುದ್ದದ ಕನ್ವರ್ಟರು ನನ್ನ ಮೇಜಿನ ಡ್ರಾಯರಿನಲ್ಲಿದೆ. ಯಾರಾದರೂ ಬಂದು "ಕೂತಿತು ಕಾಕಾ, ಟಕ್ ಅಂತು" ಎಂದರೆ ಮಾತಾಡದೆ ಅದನ್ನು ಕೈಗೆ ಕೊಡುತ್ತೇನೆ. ಸಾಟಾ ತುದಿಯ ಪ್ಲಾಸ್ಟಿಕ್ಕು ಸ್ವಲ್ಪ ಕರಗಿ ಕಂದಾಗಿದೆ. ಕಾರ್ಡಿನ ಕಡೆಯ ತುದಿ ಇನ್ನೂ ಹೊಸದರಂತೆ ಹೊಳೆಯುತ್ತಿದೆ.